ಇಪ್ಪತ್ತಾರು ಗಂಟೆಯ ಮಂಗಳವಾರ

"ಒಂದು ದಿನಕ್ಕೆ ಎಷ್ಟು ಗಂಟೆ ತಮ್ಮಾ?"

ಗಣಕದವನು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ಒಳಗೆ ಬರೋ ಮುಂಚೆ ಬಾಗಿಲು ತಟ್ಟಬೇಕು ಅಮ್ಮ."

"ತಟ್ಟಿದೆ, ಎರಡು ಸಲ. ನಿನ್ನ ಕಿವಿ ಎಲ್ಲೋ ಇತ್ತು. ಹೇಳು, ಎಷ್ಟು ಗಂಟೆ?"

"ಇಪ್ಪತ್ತನಾಲ್ಕು."

"ಹಾಗಾದ್ರೆ ಕಳೆದ ಮಂಗಳವಾರ ಇಪ್ಪತ್ತಾರು ಹೇಗಾಯ್ತು?"

ಅವನ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೆಯೇ ನಿಂತವು.

ಮೀಟರಮ್ಮ ಕುರ್ಚಿಯ ಮೇಲಿದ್ದ ತಂತಿಯ ಸುರುಳಿಯನ್ನು ಎತ್ತಿ ಕಿಟಕಿಯ ದಂಡೆಗಿಟ್ಟು ಕೂತಳು. ಮೂವತ್ತು ವರ್ಷ ಮನೆಮನೆ ಸುತ್ತಿ ವಿದ್ಯುತ್ ಮೀಟರು ಓದಿದವಳು. ಯಾರ ಮನೆಯಲ್ಲಿ ಯಾರು ಊರಿಗೆ ಹೋಗಿದ್ದಾರೆ, ಯಾರು ಮನೆಯಲ್ಲಿದ್ದೂ ಇಲ್ಲವೆನ್ನುತ್ತಾರೆ, ಎಲ್ಲವನ್ನೂ ಆ ಓಡುವ ಅಂಕಿಗಳೇ ಅವಳಿಗೆ ಹೇಳುತ್ತಿದ್ದವು. ನಿವೃತ್ತಿಯಾದ ಮೇಲೆ ಜನರ ಸಣ್ಣಪುಟ್ಟ ತನಿಖೆಗಳು ಅವಳ ಕೆಲಸವಾದವು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಈ ಸಲದ್ದು ಸಣ್ಣಪುಟ್ಟದ್ದಲ್ಲ. ಆರು ದಿನದ ಹಿಂದೆ ಮುದುಕರ ಆರೈಕೆಮನೆಯಲ್ಲಿ ಟೈಲರಜ್ಜಿ ಹಾಸಿಗೆಯ ಪಕ್ಕದ ಕರೆಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಸತ್ತಿದ್ದಳು. ಆ ಹೊತ್ತಿಗೆ ಪಾಳಿಯಲ್ಲಿದ್ದ ದಾದಿ ಈಗ ಲಾಕಪ್ಪಿನಲ್ಲಿದ್ದಳು. ಅವಳು ಮೀಟರಮ್ಮನ ತಂಗಿಯ ಮಗಳು.

"ಬೆಲ್ ಆಗಲೇ ಇಲ್ಲ ದೊಡ್ಡಮ್ಮ," ಎಂದು ಆ ಹುಡುಗಿ ಸರಳುಗಳ ಆಚೆಯಿಂದ ಹೇಳಿದ್ದಳು. "ನಾನು ಕೂತೇ ಇದ್ದೆ. ಆಗಲೇ ಇಲ್ಲ."

ಗುಂಡಿ ಒತ್ತಿದರೆ ಕರೆ ನೇರವಾಗಿ ದಾದಿಯ ಕೋಣೆಗೆ ಹೋಗುವುದಿಲ್ಲ. ಮೊದಲು ಬಾಡಿಗೆ ಸರ್ವರಿಗೆ ಹೋಗುತ್ತದೆ. ಕ್ಲೌಡ್ ಎಂದು ಹೆಸರು ಮೋಡದ್ದಾದರೂ, ಅದು ಎಲ್ಲೋ ದೂರದ ಗೋದಾಮಿನಲ್ಲಿ ಸಾಲಾಗಿ ನಿಂತ ಯಂತ್ರಗಳಲ್ಲೊಂದು. ಅಲ್ಲಿಂದ ಕರೆ ವಾಪಸ್ಸು ಬಂದು ಇಲ್ಲಿ ಬೆಲ್ ಹೊಡೆಯುತ್ತದೆ. ಆ ಯಂತ್ರವನ್ನು ನೋಡಿಕೊಳ್ಳುವವನು ಈ ಗಣಕದವನು. 'ಮಂಗಳವಾರ ಸರ್ವರ್ ಇಪ್ಪತ್ತನಾಲ್ಕು ಗಂಟೆಯೂ ಚಾಲನೆಯಲ್ಲಿತ್ತು' ಎಂದು ಪೊಲೀಸರಿಗೆ ಪತ್ರ ಬರೆದುಕೊಟ್ಟವನೂ ಇವನೇ. ಯಂತ್ರ ನಡೆದಿದೆ, ಅಜ್ಜಿ ಒತ್ತಿದ್ದಾಳೆ, ಅಂದಮೇಲೆ ಬೆಲ್ ಆಗಿದೆ. ದಾದಿ ಬೆಲ್ ಆರಿಸಿ ಮಲಗಿದ್ದಳು ಎಂದು ಇನ್‌ಸ್ಪೆಕ್ಟರು ಕಡತ ಮುಚ್ಚಲು ಕೂತಿದ್ದರು.

ಇವತ್ತು ಎರಡು ಗಂಟೆಗೆ ಹುಡುಗಿ ತಪ್ಪೊಪ್ಪಿಗೆಗೆ ಸಹಿ ಹಾಕಲಿದ್ದಳು. ನಿದ್ದೆ ಬಂತು ಎಂದು ಒಪ್ಪಿಕೊಂಡರೆ ಎರಡು ವರ್ಷ, ಇಲ್ಲದಿದ್ದರೆ ಎಷ್ಟೋ ಗೊತ್ತಿಲ್ಲ ಎಂದು ವಕೀಲರು ಹೆದರಿಸಿದ್ದರು. ಅವಳ ಮೂರು ವರ್ಷದ ಮಗಳು ಮೀಟರಮ್ಮನ ಮನೆಯಲ್ಲಿ ಅಮ್ಮನ ಹಳೆಯ ಸೀರೆಯನ್ನು ಹೊದ್ದುಕೊಳ್ಳದೆ ಮಲಗುತ್ತಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಕಾಲು.

"ಸರ್ವರಿನ ಬಿಲ್ ನಿಮಗೆ ಎಲ್ಲಿ ಸಿಕ್ತು?" ಗಣಕದವನು ಕೇಳಿದ.

"ನಾಲ್ಕನೇ ಹಾಸಿಗೆಯ ಕಾಲಬುಡದಲ್ಲಿ."

ಅವಳು ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಮೇಲಿನ ಮಗ್ಗುಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಯಾರದೋ ಜ್ವರದ ಚಾರ್ಟು. ಆರೈಕೆಮನೆಯಲ್ಲಿ ಕಾಗದ ಒಂದೇ ಮಗ್ಗುಲಿಗೆ ಮುಗಿಯುವುದಿಲ್ಲ. ಬಿಲ್ಲು, ಸುತ್ತೋಲೆ, ಔಷಧಿ ಪಟ್ಟಿ, ಏನೇ ಬರಲಿ, ಹಿಂಬದಿ ಖಾಲಿ ಕಂಡರೆ ಅದು ಮಾರನೆಯ ದಿನ ಯಾರದಾದರೂ ಮಂಚಕ್ಕೆ ನೇತುಬೀಳುತ್ತದೆ. ನಿನ್ನೆ ಟೈಲರಜ್ಜಿಯ ಖಾಲಿ ಹಾಸಿಗೆ ನೋಡಲು ಹೋದ ಮೀಟರಮ್ಮ ಪಕ್ಕದ ಚಾರ್ಟನ್ನು ಸುಮ್ಮನೆ ತಿರುಗಿಸಿದ್ದಳು. ಹಿಂದೆ ಸರ್ವರಿನ ವಾರದ ಬಿಲ್ಲು.

"ಎಲ್ಲ ಅಳಿಸಿದ್ದೀರಿ. ಕರೆಗಳ ದಾಖಲೆ ಮೂರು ದಿನಕ್ಕೆ ಅಳಿಸಿ ಹೋಗುತ್ತೆ ಅಂದ್ರಿ, ಒಪ್ಪಿದೆ. ಆದ್ರೆ ಬಾಡಿಗೆ ಕೊಟ್ಟವನು ಇಲ್ಯಾರೂ ಅಳಿಸಲಾರದ ಹಾಗೆ ಅಲ್ಲೇ ಕೂತು ಎಣಿಸ್ತಾ ಇರ್ತಾನಲ್ಲಪ್ಪ."

"ಅಚ್ಚಿನ ತಪ್ಪಿರಬೇಕು."

"ಇನ್‌ಸ್ಪೆಕ್ಟರು ಇನ್ನೂ ಚೆನ್ನಾಗಿ ಹೇಳಿದ್ರು. ಇಪ್ಪತ್ತಾರು ಅಂದ್ರೆ ಇಪ್ಪತ್ತನಾಲ್ಕಕ್ಕಿಂತ ಜಾಸ್ತಿನೇ ಅಲ್ವಾ ಮೀಟರಮ್ಮ, ಪಾಪ ಯಂತ್ರ ಓವರ್‌ಟೈಮ್ ಮಾಡಿದೆ ಅಂತ ನಕ್ಕರು. ಪೇದೆಗಳೂ ನಕ್ಕರು. ನಾನೂ ನಕ್ಕೆ. ನಕ್ಕು, ಹೊರಗೆ ಬಂದು, ಬಾಡಿಗೆ ಕಂಪನಿಗೆ ಫೋನ್ ಮಾಡಿದೆ. ಒಂದು ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು, ಪುಣ್ಯಾತ್ಗಿತ್ತಿ."

ಗಣಕದವನು ಹಾಳೆಯನ್ನು ಬಿಲ್ಲಿನ ಮಗ್ಗುಲಿಗೆ ತಿರುಗಿಸಿದ.

"ಚಿಕ್ಕವನಿದ್ದಾಗ ಬಾಡಿಗೆ ಸೈಕಲ್ ತೊಗೊಂಡಿದ್ದೀಯಾ?"

"ತೊಗೊಂಡಿದ್ದೀನಿ."

"ಹತ್ತು ನಿಮಿಷ ಓಡಿಸಿ ವಾಪಸ್ಸು ಕೊಟ್ರೆ?"

"ಒಂದು ಗಂಟೆ ಲೆಕ್ಕ."

"ಕೊಟ್ಟು, ಆ ಕಡೆ ನೀರು ಕುಡಿದು ಬಂದು, ಅದೇ ಸೈಕಲ್ ಮತ್ತೆ ತೊಗೊಂಡ್ರೆ?"

ಅವನು ನಿಧಾನವಾಗಿ ಹೇಳಿದ. "ಮತ್ತೆ ಹೊಸ ಗಂಟೆ."

"ಅಷ್ಟೇ ವಿಷಯ. ಬಳಸಿದಷ್ಟಕ್ಕೆ ಬಾಡಿಗೆ, ಆದ್ರೆ ಶುರುವಾದ ಗಂಟೆ ಪೂರ್ತಿ ಗಂಟೆ. ಆರಿಸಿ ಹಚ್ಚಿದ್ರೆ ಎಣಿಕೆ ಹೊಸದಾಗಿ ಶುರು. ಬಿಡದೆ ಓಡಿದ ದಿನ ಇಪ್ಪತ್ತನಾಲ್ಕು. ಒಂದು ಸಲ ಆರಿಸಿ ತಕ್ಷಣ ಹಚ್ಚಿದ್ರೆ ಇಪ್ಪತ್ತೈದು. ಎರಡು ಸಲ ಆದ್ರೆ ಇಪ್ಪತ್ತಾರು." ಅವಳ ಬೆರಳು ಮಂಗಳವಾರದ ಸಾಲಿನ ಮೇಲೆ ಬಂತು. "ಇಲ್ಲಿ ಮೂರು ತುಂಡು ಇವೆ. ಹದಿನೈದು, ಒಂದು, ಹತ್ತು. ಮೊದಲನೇ ತುಂಡು ಹದಿನೈದನೇ ಗಂಟೆಗೆ ಕಾಲಿಟ್ಟು ನಿಂತಿದೆ. ಅಂದ್ರೆ ಮಧ್ಯಾಹ್ನ ಎರಡರಿಂದ ಮೂರರೊಳಗೆ. ಕೊನೇ ತುಂಡು ದಿನದ ಕೊನೆಗೆ ಹತ್ತು. ಅದೂ ಎರಡರಿಂದ ಮೂರರೊಳಗೇ ಶುರುವಾಗಿದೆ. ಮಧ್ಯದ್ದು ಆ ಎರಡರ ನಡುವೆ ಸಿಕ್ಕಿಕೊಂಡ ಚೂರು. ಟೈಲರಜ್ಜಿ ಎಷ್ಟು ಹೊತ್ತಿಗೆ ಹೋದಳು?"

"ಎರಡೂವರೆ... ಅಂತ ಡಾಕ್ಟ್ರು ಬರೆದಿದ್ದಾರೆ."

ಕೆಳಗಿನ ಬೀದಿಯಲ್ಲಿ ಯಾರೋ ಕಬ್ಬಿಣದ ಬಾಗಿಲನ್ನು ಎಳೆದರು. ಆ ಸದ್ದು ಮೂರನೇ ಮಹಡಿಗೂ ಹತ್ತಿ ಬಂತು. ಮೇಜಿನ ಮೂಲೆಯಲ್ಲಿ ಒಂದು ಊಟದ ಡಬ್ಬಿ, ಬಟ್ಟೆಯ ಗಂಟು ಬಿಚ್ಚದೆ ಕೂತಿತ್ತು. ಗಂಟು ಅಚ್ಚುಕಟ್ಟಾಗಿತ್ತು, ಎರಡು ಕಿವಿ ಒಂದೇ ಅಳತೆ. ಅಷ್ಟು ಒಪ್ಪವಾಗಿ ಗಂಟು ಹಾಕುವವರು ಒಬ್ಬರೇ ಎಂದು ಮೀಟರಮ್ಮನಿಗೆ ಗೊತ್ತಿತ್ತು.

ಗಣಕದವನು ಕುರ್ಚಿ ಹಿಂದಕ್ಕೆ ತಳ್ಳಿದ.

"ಸರಿ. ನಾನೇ ಆರಿಸಿದೆ."

"ಯಾಕೆ?" ಮೀಟರಮ್ಮ ಕೇಳಿದಳು.

"ಉಳಿತಾಯಕ್ಕೆ. ಮಧ್ಯಾಹ್ನ ಎಲ್ಲರೂ ಮಲಗಿರ್ತಾರೆ, ಯಾರೂ ಗುಂಡಿ ಒತ್ತಲ್ಲ. ಸ್ವಲ್ಪ ಹೊತ್ತು ಆರಿಸಿದ್ರೆ ಬಿಲ್ ಕಡಿಮೆ ಆಗುತ್ತೆ ಅಂದ್ಕೊಂಡೆ. ತಪ್ಪಾಯ್ತು. ನಿರ್ಲಕ್ಷ್ಯ ಅಂತ ನನ್ನ ಮೇಲೆ ಕೇಸು ಹಾಕಿಸಿ. ನಿಮ್ಮ ಹುಡುಗೀನ ಬಿಡಿಸಿಕೊಳ್ಳಿ." ಮಕ್ಕಳು ಕಂಠಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಅವಳು ಮೆಟ್ಟಿಲು ಹತ್ತಿ ಬಂದಿದ್ದೇ ಈ ಮಾತಿಗೆ. ಇವನ ಕೈ ಹಿಡಿದು ಈಗಲೇ ಸ್ಟೇಷನ್ನಿಗೆ ಹೋದರೆ ಸಂಜೆಗೆ ಹುಡುಗಿ ಮನೆಗೆ ಬರುತ್ತಾಳೆ, ಮಗುವಿನ ತಲೆ ಬಾಚುತ್ತಾಳೆ. ಮೀಟರಮ್ಮನ ಕಾಲು ಎದ್ದು ನಿಲ್ಲಲು ಹವಣಿಸಿತು. ಅವಳು ಕಾಲನ್ನು ಒತ್ತಿ ಹಿಡಿದು ಕೂತಳು. ಸುಳ್ಳಿನ ಮೇಲೆ ಬಿಡಿಸಿ ತಂದ ಹುಡುಗಿಯನ್ನು ನಾಳೆ ಯಾರಾದರೂ ಮತ್ತೆ ಎಳೆದೊಯ್ಯಬಹುದು.

"ನಿನ್ನ ಕೋಣೆಗೆ ಹಿಂದೆ ಎರಡು ಸಲ ಬಂದಿದ್ದೀನಿ. ಎರಡು ಸಲವೂ ನೀನು ನನ್ನನ್ನ ಬಾಗಿಲವರೆಗೆ ಬಿಡೋಕೆ ಎದ್ದಾಗ ಫ್ಯಾನ್ ಆರಿಸಿ ಎದ್ದೆ. ನೀನು ಹತ್ತು ನಿಮಿಷ ಉಳಿಸೋಕೆ ಹೋಗಿ ಎರಡು ಗಂಟೆ ಜಾಸ್ತಿ ತೆರುವವನಾ?"

"ಗೊತ್ತಾಗಲಿಲ್ಲ."

"ನಿನಗಾ?" ಅವಳ ದನಿ ಮೆತ್ತಗಿತ್ತು. "ಉಳಿಸಬೇಕು ಅಂದಿದ್ರೆ ನೀನು ಎರಡಕ್ಕೆ ಸರಿಯಾಗಿ ಆರಿಸಿ ನಾಲ್ಕಕ್ಕೆ ಸರಿಯಾಗಿ ಹಚ್ತಿದ್ದೆ. ಬಿಲ್ಲಿನಲ್ಲಿ ಇಪ್ಪತ್ತೆರಡು ಇರ್ತಿತ್ತು. ಈ ಲೆಕ್ಕ ಗೊತ್ತಿರೋನು ಇಡೀ ಆರೈಕೆಮನೆಗೆ ನೀನೊಬ್ಬನೇ. ಇದನ್ನ ಮಾಡಿದವರಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಸಿಕ್ಕಿಬಿದ್ದಿದ್ದಾರೆ."

ಅವನು ಊಟದ ಡಬ್ಬಿಯ ಕಡೆ ನೋಡಿದ. ತಕ್ಷಣ ಕಣ್ಣು ತಿರುಗಿಸಿದ.

"ಇನ್ನೊಂದು ಕೇಳ್ತೀನಿ. ಒಂದು ಸಲ ಆರಿಸಿದ್ದು ಅರ್ಥವಾಗುತ್ತೆ. ಎರಡನೇ ಸಲ ಯಾಕೆ?"

"ನನಗೇನು ಗೊತ್ತು?"

"ಸರ್ವರ್ ಮತ್ತೆ ಹಚ್ಚಿದ ಮೇಲೆ ಬೆಲ್ ಆಗೋದಕ್ಕೆ ಎಷ್ಟು ಹೊತ್ತು ಬೇಕು?"

"ಎರಡು ನಿಮಿಷ. ಮೊದಲು ಸ್ಕ್ರೀನ್ ಮೇಲೆ ಹೆಸರು ಬರುತ್ತೆ. ಕರೆದವರದ್ದು. ಆಮೇಲೆ ಬೆ..."



ಹೇಳಬೇಕಾಗಿದ್ದನ್ನು ಹೇಳಲು ಮೀಟರಮ್ಮನಿಗೇ ಮನಸ್ಸಾಗಲಿಲ್ಲ. ಆದರೂ ಹೇಳಿದಳು. "ಮುಗಿದಿರಬೇಕು ಅಂದ್ಕೊಂಡು ಹಚ್ಚಿದ್ದಾರೆ ತಮ್ಮಾ. ಹೆಸರು ಬಂದಿದೆ. ಅಜ್ಜಿ ಇನ್ನೂ ಒತ್ತುತ್ತಲೇ ಇದ್ದಳು. ಅದಕ್ಕೇ ಮತ್ತೆ ಆರಿಸಿದ್ದಾರೆ."

ಗಣಕದವನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಅಳು ಬರಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಮೀಟರಮ್ಮ.

"ಆರು ದಿನದಿಂದ ನಿನಗೆ ಗೊತ್ತು," ಎಂದಳು.

"ಅವತ್ತೇ ಖಾತೆ ನೋಡಿದಾಗ ಗೊತ್ತಾಯ್ತು." ಬೆರಳುಗಳ ಸಂದಿಯಿಂದ ಮಾತು ಬಂತು. "ಆರಿಸೋಕೆ ಎರಡೇ ಕೀಲಿ ಇರೋದು. ಒಂದು ನನ್ನದು. ಇನ್ನೊಂದು ಅತ್ತಿಗೇದು, ಅವರ ಫೋನಿನಲ್ಲಿದೆ."

ಆರೈಕೆಮನೆಯ ಒಡತಿಯನ್ನು ಅಲ್ಲಿ ದುಡಿಯುವವರು, ಮಲಗಿದವರು, ಔಷಧಿ ತರುವವರು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಇವನಿಗೆ ಮಾತ್ರ ಅವಳು ನಿಜವಾದ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಎಂಟು ವರ್ಷದವನಿದ್ದಾಗಿಂದ ಇವನಿಗೆ ಅನ್ನ ಕಲಸಿ ಹಾಕಿದವಳು, ಇವತ್ತಿನ ಡಬ್ಬಿಗೂ ಗಂಟು ಹಾಕಿ ಕಳಿಸಿದವಳು.

"ಅವರು ಏನಂದ್ರು?"

"ಏನೂ ಕೇಳಬೇಡ, ಪೊಲೀಸರಿಗೆ ಇಡೀ ದಿನ ಓಡ್ತಿತ್ತು ಅಂತ ಬರೆದುಕೊಡು ಅಂದ್ರು. ಯಾರಾದ್ರೂ ಪಟ್ಟು ಹಿಡಿದು ಕೇಳಿದ್ರೆ ಉಳಿತಾಯಕ್ಕೆ ಆರಿಸಿದೆ ಅಂತ ಹೇಳು, ವಕೀಲರನ್ನ ನಾನು ನೋಡ್ಕೋತೀನಿ ಅಂದ್ರು. ಅತ್ತಿಗೆ ಅತ್ತರು ಅಮ್ಮ. ಅಣ್ಣ ಹೋದಾಗಲೂ ನನ್ನ ಎದುರಿಗೆ ಅತ್ತವರಲ್ಲ."

"ನೀನು ಬೇರೆ ವಾರಗಳ ಬಿಲ್ ನೋಡಿದೆಯಾ?"

"ಇಲ್ಲ."

"ಯಾಕೆ?"

ಅವನು ಮುಖದಿಂದ ಕೈ ತೆಗೆದು ಸ್ಕ್ರೀನಿನ ಕಡೆ ತಿರುಗಿದ. ಖಾತೆಯ ಪುಟ ತೆರೆದ. ತಿಂಗಳುಗಳು ಒಂದರ ಮೇಲೊಂದು ಜಾರಿ ಇಳಿದವು. ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು. ಒಂದೇ ನೂಲಿನಲ್ಲಿ ಒಂದೇ ಸಮ ಹಾಕಿದ ಹೊಲಿಗೆಯ ಹಾಗೆ. ನಡುವೆ ಒಂದು ಕಡೆ ಇಪ್ಪತ್ತೈದು.

ಅವನ ಕೈ ನಿಂತಿತು.

"ಇದು ಭಾನುವಾರ. ಆ ದಿನ ನಾನು ವ್ಯಾನ್ ಓಡಿಸಿದೆ."

"ಯಾವ ವ್ಯಾನು?"

"ಅಲ್ಲಿ ಯಾರಾದ್ರೂ ತೀರಿಕೊಂಡ್ರೆ ಅತ್ತಿಗೆ ನನ್ನನ್ನೇ ಕರೆಯೋದು. ಬಾಡಿಗೆಯವರು ಧಡಧಡ ಎತ್ತಿ ಹಾಕ್ತಾರೆ, ನೀನಾದ್ರೆ ಮೆಲ್ಲಗೆ ಓಡಿಸ್ತೀಯ ಅಂತ." ಅವನು ಇನ್ನೂ ಹಿಂದಕ್ಕೆ ಹೋದ. ಮತ್ತೊಂದು ಇಪ್ಪತ್ತೈದು. "ಇದೂ." ಇನ್ನೂ ಹಿಂದೆ, ಏಳು ತಿಂಗಳ ಕೆಳಗೆ, ಇಪ್ಪತ್ತಾರು. "ಇದೂ ಅಮ್ಮ. ಇವರು ಮೇಷ್ಟ್ರು. ಬಹಳ ಹಗುರ ಇದ್ದರು."

ಮಂಗಳವಾರ ಸೇರಿ ನಾಲ್ಕು ದಿನ. ನಾಲ್ಕು ಹಾಸಿಗೆ.

"ನಮ್ಮ ಹುಡುಗಿ ಅಲ್ಲಿ ಕೆಲಸಕ್ಕೆ ಸೇರಿ ಎಷ್ಟಾಯ್ತು ಗೊತ್ತಾ ನಿನಗೆ?"

"ಒಂದು ತಿಂಗಳೂ ಆಗಿಲ್ಲ."

"ಅದನ್ನ ಬರೆದುಕೊಡು. ಈ ಪುಟಗಳನ್ನೆಲ್ಲ ಅಚ್ಚು ಹಾಕು. ನಿನ್ನ ಸಹಿ ಬೇಕು. ಎರಡು ಗಂಟೆಗೆ ಮುಂಚೆ ಸ್ಟೇಷನ್ನಿನಲ್ಲಿ ಇರಬೇಕು ನಾವು."

"ಅತ್ತಿಗೆಯನ್ನ ನಾನೇ..."

"ಹೌದಪ್ಪ. ನೀನೇ."

ಅವನು ಡಬ್ಬಿಯನ್ನು ಗಂಟು ಬಿಚ್ಚದೆ ಮೇಜಿನ ಆಚೆ ತುದಿಗೆ ಸರಿಸಿದ. ಗಡಿಯಾರದ ಮುಳ್ಳು ಹನ್ನೆರಡೂ ಮುಕ್ಕಾಲು ದಾಟಿತು. ಕೊನೆಗೆ ಅವನು ಪ್ರಿಂಟರಿನ ಗುಂಡಿ ಒತ್ತಿದ. ಮೊದಲ ಹಾಳೆ ಬೆಚ್ಚಗೆ ಹೊರಬಂತು. ಎರಡನೆಯದು. ಮೂರನೆಯದಕ್ಕೆ ಅವನು ಕೈ ಚಾಚುವಷ್ಟರಲ್ಲಿ ಕಣ್ಣು ಸ್ಕ್ರೀನಿನ ಮೇಲಿನ ಮೂಲೆಗೆ ಹೋಯಿತು.

ಅಲ್ಲಿ ಸರ್ವರಿನ ಹೆಸರಿನ ಪಕ್ಕ ಸಾಸಿವೆಯಷ್ಟು ದೊಡ್ಡ ಹಸಿರು ಚುಕ್ಕೆ ಇತ್ತು. ಅದು ಬೂದಿ ಬಣ್ಣಕ್ಕೆ ತಿರುಗಿತು.

"ನಾನು ಮುಟ್ಟಿಲ್ಲ," ಎಂದ. ಎರಡೂ ಕೈ ಮೇಲೆತ್ತಿದ್ದ.

"ಏನದು?"

"ಸರ್ವರ್ ನಿಂತಿದೆ. ಈಗ ತಾನೇ ಯಾರೋ ಆರಿಸಿದ್ರು."

"ಹಚ್ಚು!"

ಅವನು ಒತ್ತಿದ. ಚುಕ್ಕೆ ಹಸಿರಾಯಿತು. ಇವತ್ತಿನ ಸಾಲಿನಲ್ಲಿದ್ದ ಹದಿಮೂರು ಹದಿನಾಲ್ಕಾಯಿತು. ಇಬ್ಬರೂ ಸ್ಕ್ರೀನಿನ ಮೇಲಿನ ಪಕ್ಕದ ಕಿಟಕಿಯನ್ನು ನೋಡಿದರು. ಕರೆದವರ ಹೆಸರು ಬರಬೇಕಾದ ಜಾಗ ಖಾಲಿ. ಇನ್ನೂ ಖಾಲಿ. ಒಂದು ನಿಮಿಷವೂ ಆಗಿರಲಿಲ್ಲ, ಚುಕ್ಕೆ ಮತ್ತೆ ಬೂದಿಯಾಯಿತು.

"ಮತ್ತೆ ಹಚ್ಚು."

ಹದಿನೈದು. ಹಸಿರು. ಬೂದಿ.

"ಅವರ ಕೀಲಿ ಕಿತ್ತು ಹಾಕೋಕೆ ಆಗಲ್ವಾ?"

"ಖಾತೆ ಅವರ ಹೆಸರಿನಲ್ಲಿದೆ ಅಮ್ಮ. ಅವರು ನನ್ನನ್ನ ತೆಗೀಬಹುದು, ನಾನು ಅವರನ್ನ ತೆಗಿಯೋಕಾಗಲ್ಲ." ಅವನು ಮತ್ತೆ ಒತ್ತಿದ. ಹದಿನಾರು. ಅತ್ತ ಕಡೆ ಯಾರೋ ಅಷ್ಟೇ ತಾಳ್ಮೆಯಿಂದ ಆರಿಸುತ್ತಿದ್ದರು.

ಮೀಟರಮ್ಮ ಆರೈಕೆಮನೆಗೆ ಫೋನ್ ಹಚ್ಚಿದಳು. ನಾಲ್ಕನೇ ರಿಂಗಿಗೆ ಹಗಲುಪಾಳಿಯ ದಾದಿ ಎತ್ತಿದಳು.

"ಎಲ್ಲ ಆರಾಮಾ?"

"ಆರಾಮು ಅಮ್ಮ. ಊಟ ಆಯ್ತು, ಎಲ್ಲರೂ ಮಲಗಿದ್ದಾರೆ. ಅರ್ಧ ಗಂಟೆಯಿಂದ ಒಂದು ಬೆಲ್ಲೂ ಇಲ್ಲ. ಇವತ್ತು ಒಳ್ಳೇ ದಿನ."

"ಅತ್ತಿಗೆಗೆ ಫೋನ್ ಕೊಡು. ಬೇಗ."

"ಅತ್ತಿಗೆ ಇಲ್ಲವಲ್ಲ. ಹನ್ನೊಂದಕ್ಕೇ ಸ್ಟೇಷನ್ನಿಗೆ ಹೋದರು, ನಿಮ್ಮ ಹುಡುಗಿಗೆ ಧೈರ್ಯ ಹೇಳೋಕೆ. ಅವಳ ಪಕ್ಕದಲ್ಲೇ ಕೂತಿದ್ದಾರೆ ಅಂತ ಪೇದೆ ಈಗಷ್ಟೇ ಫೋನ್ ಮಾಡಿ ಟೈಲರಜ್ಜಿಯ ಔಷಧಿ ಚೀಟಿ ಕೇಳಿದ."

"ಅವರ ಫೋನು?"

"ಒಳಗೆ ಬಿಡಲ್ಲ ಅಂತ ಇಲ್ಲೇ ಬಿಟ್ಟು ಹೋದರು. ನನ್ನ ಮೇಜಿನ ಮೇಲೇ ಚಾರ್ಜಿಗೆ ಹಾಕಿದ್ದಾರೆ, ಇಲ್ಲೇ..."

ಏನನ್ನೋ ಸರಿಸಿ ಹುಡುಕುವ ಸದ್ದು.

"ಅಮ್ಮ, ವೈರ್ ಇದೆ. ಫೋನ್ ಇಲ್ಲ."

ಮೀಟರಮ್ಮ ಗಣಕದವನನ್ನು ನೋಡಿದಳು. ಒಂದು ಕೀಲಿ ಅವಳ ಕಣ್ಣೆದುರಿಗೇ ಇತ್ತು. ಇನ್ನೊಂದರ ಒಡತಿ ಬರಿಗೈಯಲ್ಲಿ ಪೊಲೀಸರ ನಡುವೆ ಕೂತಿದ್ದಳು. ಮೈದುನ ಅತ್ತಿಗೆಯನ್ನು ಕಾಪಾಡಲು ಸುಳ್ಳು ಹೇಳಿದ್ದ. ಅತ್ತಿಗೆ ಯಾರನ್ನು ಕಾಪಾಡುತ್ತಿದ್ದಾಳೆ?

"ಹದಿನೇಳು," ಎಂದ ಗಣಕದವನು, ಅಳುವ ದನಿಯಲ್ಲಿ. "ಹೆಸರು ಬರೋಕೇ ಬಿಡ್ತಿಲ್ಲ ಅಮ್ಮ. ಯಾರು ಒತ್ತುತ್ತಿದ್ದಾರೆ ಅಂತ ಕಾಣ್ತಿಲ್ಲ."

"ಮಗೂ," ಮೀಟರಮ್ಮ ಫೋನಿಗೆ ಹೇಳಿದಳು, "ಓಡು. ಬೆಲ್ ಕೆಟ್ಟಿದೆ. ಯಾರೋ ಕರೀತಿದ್ದಾರೆ. ಎಲ್ಲ ಹಾಸಿಗೆ ನೋಡು."

ಚಪ್ಪಲಿಯ ಸದ್ದು ನಾಲ್ಕು ಹೆಜ್ಜೆ ಕೇಳಿ, ನಿಂತಿತು.

"ಇಪ್ಪತ್ತೊಂದು ಜನ ಅಮ್ಮ, ಮೂರು ಅಂತಸ್ತು. ನಾನೊಬ್ಬಳೇ ಇದ್ದೀನಿ." ಆ ದಾದಿಯ ಉಸಿರು ಫೋನಿಗೆ ಬಡಿಯುತ್ತಿತ್ತು. "ಮೊದಲು ಯಾರ ಹತ್ತಿರ ಹೋಗಲಿ?"

ಮೀಟರಮ್ಮ ಸ್ಕ್ರೀನಿನ ಕಡೆ ತಿರುಗಿದಳು. ಹೆಸರಿನ ಜಾಗ ಖಾಲಿಯೇ ಇತ್ತು.